ಹಲಸಿನ ಮರದ ಹೊಟ್ಟೆ

"ಸ್ಕೇಲ್ ಇಟ್ಟು ಎಳೆದರೂ ಇವನ ಗೆರೆ ಸೊಟ್ಟ ಹೋಗ್ತಿತ್ತು! ಇಂಥವನ ಕೈಗೆ ನಮ್ಮ ಮರವಾ?"

ಕುದ್ರೋಳಿಯ ಮರದ ಮಿಲ್ಲಿನಲ್ಲಿ ಅಷ್ಟೂ ಜನರ ಎದುರು ರಾಫೆಲ್ ಮಾಷ್ಟ್ರು ಹೀಗೆಂದಾಗ ಮರ ಹೊರುವವರು ಹೆಗಲ ಮೇಲಿನ ಬೈರಾಸಿನಿಂದ ಬಾಯಿ ಮುಚ್ಚಿ ನಕ್ಕರು. ಡೆರಿಲನ ಕಿವಿ ಉರಿಯಿತು. ಎಂಟನೇ ಕ್ಲಾಸಿನಲ್ಲಿ ಫೇಲಾಗಿ ಶಾಲೆ ಬಿಟ್ಟವನು, ಐದು ವರ್ಷ ಇಲ್ಲಿ ಮರ ಹೊತ್ತು, ಇವತ್ತು ಮೊದಲ ಸಲ ದೊಡ್ಡ ಗರಗಸಕ್ಕೆ ಕೈಯಿಡುವವನಿದ್ದ. ಮೊದಲ ಮರವೇ ಕುಟುಂಬದ ಮನೆಯದ್ದು. ದೇರೆಬೈಲಿನಲ್ಲಿ ಮನೆ ಪಕ್ಕದ ಹತ್ತು ಸೆಂಟ್ಸ್ ಜಾಗದ ಮರದ ತೋಟದಲ್ಲಿ, ರಸ್ತೆ ಬದಿಗಿದ್ದ ಹಲಸನ್ನು ಅವನೇ ಹಗ್ಗ ಕಟ್ಟಿ ಬೀಳಿಸಿದ್ದ. ಮಾಷ್ಟ್ರು ಅವನ ಸ್ವಂತ ಚಿಕ್ಕಪ್ಪ, ಅವನ ಬಾಯಲ್ಲಿ ಬಾಪ್ಪು. ಮಗಳು ಒಲಿಂಡಾಳ ಹೊಸ ಮನೆಯ ಬಾಗಿಲಿಗೆ ಅವರಿಗೆ ಹಲಗೆ ಬೇಕಿತ್ತು.

ಡೆರಿಲ್ ಮರದ ಕೊಯ್ದ ತುದಿಯೆದುರು ಕುಕ್ಕರುಗಾಲಲ್ಲಿ ಕುಳಿತ. ಹಳದಿ ತಿರುಳಿನಲ್ಲಿ ಶಾಯಿ ಚೆಲ್ಲಿದ ಹಾಗೆ ಕಪ್ಪು ಕಲೆ. ಅಲ್ಲಿಂದ ಸಿಪ್ಪೆಯ ಮೇಲೆ ಕೈಯಾಡಿಸುತ್ತಾ ಹೋದ. ಹೊಕ್ಕುಳಿನಂಥ ಒಂದು ಗುಳಿ ಸಿಕ್ಕಿತು. ಅವನು ಮಿಲ್ಲಿನ ಒಡತಿಯ ಕಡೆ ತಿರುಗಿದ.

"ಶರೀಫಾಕ್ಕ, ಇದರೊಳಗೆ ಕಬ್ಬಿಣ ಉಂಟು, ಅದಕ್ಕೇ ತಿರುಳು ಕಪ್ಪಾದದ್ದು. ಗರಗಸ ಹಾಕಿದ್ರೆ ಬ್ಲೇಡ್ ತುಂಡಾಗ್ತದೆ. ಮೊದಲು ಕೆತ್ತಿ ತೆಗೀಬೇಕು."

"ಕೆತ್ತುದಾ? ನನ್ನ ಹಲಗೆಗೆ ಓಟೆ ಮಾಡ್ಲಿಕ್ಕಾ?" ಮಾಷ್ಟ್ರು ಹಾರಿಬಿದ್ದರು. "ಹೊರಗಿನಿಂದ ನೋಡಿ ಹೊಟ್ಟೆಯೊಳಗಿನದ್ದು ಹೇಳ್ಲಿಕ್ಕೆ ನೀನೆಂತ ಸ್ಕ್ಯಾನಿಂಗ್ ಡಾಕ್ಟ್ರಾ? ಆ ಮರಕ್ಕೆ ಯಾರೂ ಒಂದು ಗುಂಡುಸೂಜಿ ಸಹ ಚುಚ್ಚಲಿಲ್ಲ."

"ಬಾಪ್ಪು, ಮರ ಸುಳ್ಳು ಹೇಳುದಿಲ್ಲ."

"ಹಾಗಾದ್ರೆ ನಾನು ಹೇಳುದಾ?"

ಶರೀಫಾ ಇಬ್ಬರನ್ನೂ ನೋಡಿದಳು. "ಕೆತ್ತು ಡೆರಿಲ್. ಕಬ್ಬಿಣ ಸಿಕ್ಕಿದ್ರೆ ಗರಗಸ ಇನ್ನು ನಿನ್ನದು. ಸಿಕ್ಕದಿದ್ರೆ ನಾಳೆಯಿಂದ ಪುನಃ ಮರ ಹೊರು. ಮಾಷ್ಟ್ರೇ, ಬ್ಲೇಡ್ ನನ್ನದು. ನೀವು ಸ್ವಲ್ಪ ಸುಮ್ಮನಿರಿ."

ಸಿಟ್ಟೆಲ್ಲ ಉಳಿಗೆ ಇಳಿಯಿತು. ಒಂದು ಇಂಚು, ಎರಡು ಇಂಚು, ಹಳದಿ ಚೂರುಗಳು ಬಿಟ್ಟರೆ ಏನಿಲ್ಲ. ನಾಲ್ಕು ಇಂಚಾಯಿತು.

"ಇನ್ನೂ ತೋಡು," ಎಂದರು ಮಾಷ್ಟ್ರು. "ಬಾವಿಗೆ ನೀರಾದರೂ ಸಿಗಬಹುದು."

ಠಣ್!

ನಾಲ್ಕು ತುಕ್ಕು ಹಿಡಿದ ಮೊಳೆ. ಅವುಗಳ ಜೊತೆ, ಮರ ಸುತ್ತ ಬೆಳೆದು ನುಂಗಿದ್ದ ಕೈಯಗಲದ ಒಂದು ತಗಡಿನ ಬೋರ್ಡು. ಮರ ಹೊರುವ ಅಲ್ಫೋನ್ಸ್ ಅದನ್ನು ಬೈರಾಸಿನಿಂದ ಒರೆಸಿ, ಇಡೀ ಮಿಲ್ಲಿಗೆ ಕೇಳುವಂತೆ ಓದಿದ: "ರಾಫೆಲ್ ಮಾಷ್ಟ್ರ ಟ್ಯೂಷನ್. ಎಂಥಾ ದಡ್ಡರನ್ನೂ ಪಾಸು ಮಾಡಿಸಲಾಗುವುದು."

ಶರೀಫಾ ಶಾಲಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು.

"ಇದು... ತೊಂಬತ್ತೆರಡರಲ್ಲಿ ಹೊಡೆದದ್ದು," ಮಾಷ್ಟ್ರು ಗೊಣಗಿದರು. "ಮರ್ತೇ ಹೋಗಿತ್ತು."

"ಅಲ್ಲ ಡೆರಿಲ್," ಅಲ್ಫೋನ್ಸ್ ಕೇಳಿದ, "ನೀನು ಸಹ ಇವರ ಹತ್ರವೇ ಟ್ಯೂಷನ್‌ಗೆ ಹೋದದ್ದಲ್ವಾ ಮಾರಾಯ? ಎಷ್ಟು ವರ್ಷ?"

ಡೆರಿಲ್ ಉಳಿಯನ್ನು ಚಿಕ್ಕಪ್ಪನ ಕೈಯಲ್ಲಿಟ್ಟು, ದೊಡ್ಡ ಗರಗಸದ ಕಡೆ ನಡೆದ.