ಪುಕ್ಕಟೆ ಹುಲ್ಲು

ಬೆಳಗ್ಗೆ ಎಂಟು ಗಂಟೆಗೇ ಸ್ಟೇಡಿಯಂ ಮುಂದಿನ ಕ್ಯೂ ಹನುಮಂತನ ಬಾಲದಂತೆ ಬೆಳೆದಿತ್ತು. ಊರಿನ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟಿನವರು ಮೈದಾನದ ಪ್ಲಾಸ್ಟಿಕ್ ಹುಲ್ಲು ಕಿತ್ತು ಹೊಸದು ಹಾಸುತ್ತಿದ್ದರು. ಕಿತ್ತ ಹಳೆಯ ಹುಲ್ಲನ್ನು ಚಾಪೆಯಂತೆ ಸುರುಳಿ ಸುತ್ತಿ ಊರವರಿಗೆ ಹಂಚುತ್ತಿದ್ದರು. ಮನೆಗೆ ಎರಡು ರೋಲು, ಪುಕ್ಕಟೆ. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಜನ ಟೆಕ್ಸಸ್‌ಗೆ ಬಂದರೂ ಅಷ್ಟೆ. ಆ ಕಡೆಯ ಕನ್ನಡದ ಮನೆಗಳೆಲ್ಲ ಅಲ್ಲಿದ್ದವು. ಪಕ್ಕದೂರು ಮೆಕಿನ್ನಿಯಲ್ಲಿರುವವರು ಕೂಡ ಇಲ್ಲಿನ ಸ್ನೇಹಿತರ ಅಡ್ರೆಸ್ ಕೊಟ್ಟು ಬಂದು ನಿಂತಿದ್ದರು.

ಇಂದುಮತಿಗೆ ಆ ಹುಲ್ಲು ಕಂಡರೇ ಮೈ ಉರಿಯುತ್ತಿತ್ತು. ಫೆಬ್ರವರಿಯಲ್ಲಿ ಅದರ ಮೇಲೆ ಸಾಕರ್ ಆಡುತ್ತಿದ್ದಾಗಲೇ ಮಗಳು ಹರ್ಷಿಣಿಯ ಮಂಡಿಯ ಲಿಗಮೆಂಟ್ ಹರಿದು ಆಪರೇಷನ್ ಆಗಿತ್ತು. ನೆಲ ಸಿಮೆಂಟಿನಷ್ಟು ಗಟ್ಟಿಯಾಗಿದೆ, ಪರೀಕ್ಷೆ ಮಾಡಿಸಿ ಎಂದು ಡಿಸ್ಟ್ರಿಕ್ಟಿನ ಬೋರ್ಡ್ ಮೀಟಿಂಗಿನಲ್ಲಿ ಕೇಳಿದ್ದಳು. "ಹುಲ್ಲಿಗೇನೂ ಆಗಿಲ್ಲ, ನಿಮ್ಮ ಹುಡುಗಿ ಕಾಲಿಟ್ಟ ರೀತಿ ಸರಿಯಿರಲಿಲ್ಲ" ಎಂದು ನಗುನಗುತ್ತಲೇ ಹೇಳಿ ಕಳಿಸಿದ್ದರು. ಆದರೆ ಮೇ ತಿಂಗಳಲ್ಲಿ ಹುಡುಗರ ಅಮೆರಿಕನ್ ಫುಟ್‌ಬಾಲ್ ಕೋಚ್ ಹುಲ್ಲು ಸರಿಯಿಲ್ಲ ಎಂದು ಒಮ್ಮೆ ಗುಡುಗಿದ್ದೇ ತಡ, ಮೂರು ವಾರದಲ್ಲಿ ಹೊಸ ಹುಲ್ಲು ಮಂಜೂರಾಯಿತು! ಹದಿನಾರರ ಹರ್ಷಿಣಿ ಮಾತ್ರ ಬೋರ್ಡಿನವರ ಮಾತನ್ನೇ ನಂಬಿ ಕೂತಿದ್ದಳು. ಅಮ್ಮ ಆ ಸುದ್ದಿ ಎತ್ತಿದಾಗಲೆಲ್ಲ "ಇಟ್ ವಾಸ್ ಮೈ ಫಾಲ್ಟ್, ಅಮ್ಮ" ಎಂದು ಎದ್ದು ಹೋಗುತ್ತಿದ್ದಳು. ಆಟದ ಬೂಟುಗಳನ್ನು ತಾನೇ ಕಸದ ಡಬ್ಬಿಗೆ ಹಾಕಿ ಬಂದಿದ್ದಳು.

ಇಂಥ ಹುಲ್ಲಿಗಾಗಿ ಇಂದುಮತಿ ಕ್ಯೂನಲ್ಲಿ ನಿಂತಿದ್ದು ಗಂಡನ ಉಪಕಾರ. ಕೆಲಸದ ಮೇಲೆ ರೌಂಡ್ ರಾಕ್‌ಗೆ ಹೊರಟ ಸುಧೀಂದ್ರ ಹೋಗುವ ಮುಂಚೆ ಮನೆಯ ಹೆಸರು ಬರೆಸಿಯೇ ಹೋಗಿದ್ದ. "ಆಗಿದ್ದು ಆಗಿಹೋಯ್ತು, ಹುಲ್ಲಿನ ಮೇಲೆ ಏನು ಕೋಪ?" ಎಂದಿದ್ದ. ಅದಕ್ಕೆ ಉತ್ತರ ಕೊಟ್ಟು ಕೊಟ್ಟು ಅವಳಿಗೂ ಸಾಕಾಗಿತ್ತು.

ಮುಂದೆ ನಿಂತಿದ್ದ ಪ್ರಭಾ ತಿರುಗಿ ನೋಡಿದಳು. ಇವರ ಬೀದಿಯವಳೇ.

"ಓ ಇಂದು, ನೀವೂ ಬಂದ್ರಾ! ಹೇಗಿದ್ದಾಳೆ ಹರ್ಷಿಣಿ? ಪಾಪ. ನಾನು ಆವತ್ತೇ ಹೇಳಿದ್ದೆ, ಭರತನಾಟ್ಯ ಬಿಡಿಸಿ ಈ ಒದೆಯೋ ಆಟಕ್ಕೆ ಹಾಕ್ಬೇಡಿ ಅಂತ."

ಹೇಳಿದ್ದು ಅದೊಂದೇ ಅಲ್ಲ. ಮಾರ್ಚಿನಲ್ಲಿ ಇಂದುಮತಿ ಬೋರ್ಡಿಗೆ ಅರ್ಜಿ ಬರೆದು ನಲವತ್ತು ಮನೆ ಸುತ್ತಿದಾಗ, "ಗ್ರೀನ್ ಕಾರ್ಡ್ ಪೆಂಡಿಂಗ್ ಇದೆ ಕಣ್ರೀ, ಸರ್ಕಾರದೋರ ಮೇಲೆ ಸಹಿ ಗಿಹಿ ಬೇಡ" ಎಂದು ಕಾಫಿ ಕೊಟ್ಟು ಸಾಗಹಾಕಿದ್ದವಳೂ ಇವಳೇ. ಆ ನಲವತ್ತು ಮನೆಗಳಲ್ಲಿ ಸಿಕ್ಕಿದ್ದು ಏಳು ಸಹಿ. ಇವತ್ತು ಅದೇ ಜನ ಹುಲ್ಲು ಹಂಚುವ ಮೇಜಿನ ಮುಂದೆ ಮುಗಿಬಿದ್ದು, ಒಬ್ಬರ ಬೆನ್ನ ಮೇಲೆ ಒಬ್ಬರು ಡಿಸ್ಟ್ರಿಕ್ಟಿನವರ ಕಾಗದವಿಟ್ಟು, ತೋರಿಸಿದ ಕಡೆಯಲ್ಲೆಲ್ಲ ಸಹಿ ಗೀಚುತ್ತಿದ್ದರು.

"ಓದಿದ್ರಾ ಪ್ರಭಾ, ಏನು ಬರೆದಿದೆ ಅಂತ?"

"ಬಿಟ್ಟಿ ಕೊಡೋದಕ್ಕೆ ಓದೋದೇನ್ರೀ! ಹಿತ್ತಲಿಗೆ ಹಾಸ್ತೀವಿ. ಲಾನಿಗೆ ನೀರು ಬಿಡೋಕೆ ವಾರಕ್ಕೊಂದೇ ದಿನ, ಒಣಗಿದ್ರೆ ಕಾಲೊನಿಯೋರ ನೋಟಿಸು. ಇದಾದ್ರೆ ಆ ತಲೆನೋವೇ ಇಲ್ಲ. ನಮ್ಮ ಪ್ರದ್ಯುಮ್ನನೂ ಓಡಾಡ್ಕೊಂಡು ಕ್ರಿಕೆಟ್ ಆಡ್ತಾನೆ."

ಇಂದುಮತಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದವಳು. ಸಣ್ಣ ಅಕ್ಷರವನ್ನು ಓದದೆ ಮುಂದೆ ಹೋದವಳಲ್ಲ. ಮೇಜಿನ ಹಿಂದಿನ ಹೆಂಗಸು ಕಾಗದ ಕೊಟ್ಟಾಗ ಮೊದಲ ಸಾಲಿನಿಂದ ಓದಿದಳು. ಮೂರನೆಯ ಸಾಲನ್ನು ಎರಡು ಸಲ ಓದಿದಳು. ಕಳೆದ ನವೆಂಬರಿನಲ್ಲಿ ನಡೆದ ಪರೀಕ್ಷೆಯಲ್ಲಿ ಈ ಹುಲ್ಲು ಮಿತಿಮೀರಿ ಗಡಸಾಗಿರುವುದು ಕಂಡುಬಂದಿದೆ, ಆಟಕ್ಕೆ ಇದು ಸುರಕ್ಷಿತವಲ್ಲ, ಅಲಂಕಾರಕ್ಕೆ ಮಾತ್ರ ಬಳಸತಕ್ಕದ್ದು, ಇದರ ಮೇಲೆ ಆಡಿ ಯಾರಿಗಾದರೂ ಪೆಟ್ಟಾದರೆ ಡಿಸ್ಟ್ರಿಕ್ಟ್ ಹೊಣೆಯಲ್ಲ.

ನವೆಂಬರ್. ಹರ್ಷಿಣಿ ಬಿದ್ದದ್ದು ಫೆಬ್ರವರಿಯಲ್ಲಿ. ಮೂರು ತಿಂಗಳು ಮೊದಲೇ ಎಲ್ಲವೂ ಗೊತ್ತಿದ್ದವರು, ಮಗುವಿನದೇ ತಪ್ಪು ಎಂದು ತಾಯಿಯ ಮುಖ ನೋಡಿಕೊಂಡು ಹೇಳಿದ್ದರು. ಇಂದುಮತಿಗೆ ಆ ಮೇಜನ್ನೇ ಎತ್ತಿ ಬಿಸಾಡುವಷ್ಟು ಸಿಟ್ಟು ಬಂತು.

"ಈ ಪರೀಕ್ಷೆ ನವೆಂಬರಿನಲ್ಲಿ ಆಗಿದ್ದಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಅದು ಲಾಯರ್‌ಗಳು ಸೇರಿಸಿದ ಸಾಲು, ಮೇಡಂ. ಸುಮ್ಮನೆ ಒಂದು ಫಾರ್ಮಾಲಿಟಿ. ಎಲ್ಲರೂ ಸಹಿ ಮಾಡುತ್ತಿದ್ದಾರಲ್ಲ!" ಎಂದಳು ಆ ಹೆಂಗಸು.

ಇಂದುಮತಿ ಫೋನ್ ತೆಗೆದು ಕಾಗದದ ಫೋಟೊ ಹೊಡೆದಳು. ಆಮೇಲೆ ಕ್ಯೂ ಕಡೆ ತಿರುಗಿ, ಆ ಮೂರನೆಯ ಸಾಲನ್ನು ಕೊನೆಯವರೆಗೂ ಕೇಳಿಸುವಂತೆ ಕನ್ನಡದಲ್ಲೇ ಓದಿ ಹೇಳಿದಳು.

"ಕೇಳಿಸ್ತಾ ಎಲ್ಲರಿಗೂ? ಗೊತ್ತಿದ್ದೂ ಗೊತ್ತಿದ್ದೂ ನನ್ನ ಮಗಳನ್ನ ಇದರ ಮೇಲೆ ಓಡಿಸಿದ್ರು. ಬಿದ್ದಮೇಲೆ ಅವಳದ್ದೇ ತಪ್ಪು ಅಂದ್ರು. ನೀವೂ ಹೌದು ಅಂತ ತಲೆ ಆಡಿಸಿದ್ರಿ. ಆ ಹುಡುಗಿ ಇವತ್ತಿಗೂ ತನ್ನನ್ನ ತಾನೇ ಬೈಕೊಂಡು ಕೂತಿದ್ದಾಳೆ, ಗೊತ್ತಾ ನಿಮಗೆ?"

ಕ್ಯೂನಲ್ಲಿ ಕೆಲವರು ನೆಲ ನೋಡಿದರು, ಒಬ್ಬರು ಫೋನ್ ನೋಡಿದರು. ಪ್ರಭಾಳ ಕಣ್ಣು ಒದ್ದೆಯಾದಂತಿತ್ತು. ಹತ್ತಿರ ಬಂದು ಇಂದುಮತಿಯ ಭುಜದ ಮೇಲೆ ಕೈಯಿಟ್ಟಳು.

"ಎಂಥಾ ಅನ್ಯಾಯ ಕಣ್ರೀ ಇದು. ಇವರನ್ನ ಸುಮ್ನೆ ಬಿಡ್ಬಾರ್ದು," ಎಂದಳು. ಆಮೇಲೆ ಅತ್ತಿತ್ತ ನೋಡಿ ದನಿ ತಗ್ಗಿಸಿ ಕೇಳಿದಳು: "ಹಾಗಾದ್ರೆ ಇಂದು, ನಿಮ್ಮ ಪಾಲಿನ ಎರಡು ರೋಲು ನಾನು ತಗೊಳ್ಲಾ?"