ಅವ್ವನ ಟ್ರಂಕಿನಲ್ಲಿದ್ದ ಬಿಳಿ ಸೀರೆ

ಅವ್ವ ಈಗಿಲ್ಲ. ಆದರೆ ನುಸಿಗುಳಿಗೆಯ ವಾಸನೆ ಎಲ್ಲೇ ಬಂದರೂ ಅಂತರಸಂತೆಯ ಮನೆಯಲ್ಲಿದ್ದ ಅವಳ ಟ್ರಂಕು ನೆನಪಾಗುತ್ತದೆ. ಅದರಲ್ಲಿ ಅವಳ ಮದುವೆಯ ಬಿಳಿ ಸೀರೆ ಇತ್ತು. ತಾನು ಸತ್ತಾಗ ಅದನ್ನೇ ಉಡಿಸಬೇಕೆಂದು, ನಮ್ಮ ಕ್ರೈಸ್ತ ಹೆಂಗಸರ ವಾಡಿಕೆಯಂತೆ, ಎತ್ತಿಟ್ಟಿದ್ದಳು.

ಅಂದು ಶನಿವಾರ. ಮರುದಿನ ಚರ್ಚಿಗೆ ಹೋಗಬೇಕೆಂದು ಮನೆಯ ಬಟ್ಟೆಯನ್ನೆಲ್ಲ ಒಗೆದು ಬೇಲಿಗೆ ಹಾಕಿದ್ದೆವು. ಮಧ್ಯಾಹ್ನ, ಕಾಡಂಚಿನ ಗಿರಿಜನರ ಹಾಡಿಯಿಂದ ಹ್ಯಾಂಡ್‌ಪೋಸ್ಟಿನ ಆಸ್ಪತ್ರೆಗೆ ಹೊರಟಿದ್ದ ಬಸುರಿಯೊಬ್ಬಳಿಗೆ ನಮ್ಮ ಬಾಗಿಲಲ್ಲೇ, ಎತ್ತಿನ ಗಾಡಿಯೊಳಗೇ ಹೆರಿಗೆಯಾಯಿತು. ಕೂಸನ್ನು ಸುತ್ತಲು ಒಣಬಟ್ಟೆ ಒಂದೂ ಇರಲಿಲ್ಲ. ಅವ್ವ ಒಳಗೆ ಬಂದು ಟ್ರಂಕು ತೆರೆದಳು.

"ಅದ್ಯಾಕೆ ತೆಗೀತೀಯೆ? ಸತ್ತಾಗ ಏನುಟ್ಕಂಡು ಓಗೀಯೆ?" ಅಂದರು ಅಜ್ಜಿ.

"ಕರ್ಕಂಡೋಗೋ ಯೇಸಪ್ಪಂಗೆ ಸೀರೆ ನೋಡುದ್ರೇನೇ ನನ್ ಗುರ್ತು ಸಿಕ್ಕಾದಾ? ಬುಡಿ ಅತ್ತೆ, ಕೂಸು ನಡುಗ್ತಾ ಅದೆ."

"ನಿಂಗೆ ತಲೆ ಕೆಟ್ಟದೆ ಕಣಮ್ಮಿ," ಎನ್ನುತ್ತಲೇ ಅಜ್ಜಿ ಸೀರೆಯ ಮಡಿಕೆ ಬಿಡಿಸಿ, ಆ ನುಣುಪಾದ ಸೆರಗನ್ನು ಕೂಸಿನ ತಲೆಗೆ ತಾವೇ ಹೊದಿಸಿದರು.

ಗಾಡಿ ಹೊರಟಾಗ ಅವ್ವ ಅದರ ಹಿಂದೆ ಹುಣಸೆಮರದವರೆಗೂ ನಡೆದಳು. ನಾನು ಬಾಗಿಲಲ್ಲಿ ನಿಂತು ಕಾಯುತ್ತಿದ್ದೆ. ಅವಳು ಬರಿಗೈ ಬೀಸಿಕೊಂಡು, ಶಾಲೆ ಬಿಟ್ಟ ಹುಡುಗಿಯ ಹಾಗೆ, ನಗುತ್ತಾ ನನ್ನತ್ತ ಬಂದಳು.