ಹತ್ತು ಮಂದಿಯ ಮುಂದೆ

ಗೋನೆಗಂಡ್ಲ ಬಂದದ್ದೇ ಕೊಟ್ರಬಸಪ್ಪನವರು ಕಾರು ನಿಲ್ಲಿಸು ಅಂದರು. ಮೂತ್ರಕ್ಕಿರಬೇಕು ಎಂದುಕೊಂಡು ಮಗಳು ಅಮೂಲ್ಯ ಬೇವಿನ ಮರದ ನೆರಳಿಗೆ ಗಾಡಿ ತಂದಳು. ಆದೋನಿಯ ಹತ್ತಿ ಸಾವುಕಾರರು ಅವರು, ಹೈದರಾಬಾದಿನ ಆಸ್ಪತ್ರೆಗೆ ಹೊರಟಿದ್ದರು. ಏಳು ವರ್ಷದ ಹಿಂದೆ ಹತ್ತಿ ಬೇಲುಗಳ ಮೇಲಿಂದ ಬಿದ್ದು ಬೆನ್ನಿಗೆ ಪೆಟ್ಟಾದಾಗ, ಸೆಟೆದುಕೊಳ್ಳುವ ಕಾಲುಗಳಿಗೆ ಔಷಧಿ ಹನಿಸಲೆಂದು ಡಾಕ್ಟರು ಸಾವುಕಾರರ ಹೊಟ್ಟೆಯ ಚರ್ಮದಡಿ ಅಂಗೈಯಗಲದ ಒಂದು ಪಂಪು ಇಟ್ಟಿದ್ದರು. ಈಗ ಅದರ ಬ್ಯಾಟರಿ ಮುಗಿಯುತ್ತ ಬಂದಿತ್ತು. ನಾಳಿದ್ದು ಹೊಟ್ಟೆ ಕೊಯ್ದು ಹಳೆಯದನ್ನು ತೆಗೆದು ಹೊಸದನ್ನು ಕೂರಿಸಬೇಕು.

ಆಸ್ಪತ್ರೆಯವರು ಹೇಳಿದ್ದನ್ನೆಲ್ಲ ಅಮೂಲ್ಯ ಫೋನಿನಲ್ಲಿ ಬರೆದಿಟ್ಟುಕೊಂಡು ಒಂದೊಂದಾಗಿ ಮುಗಿಸಿದ್ದಳು. ರಕ್ತ ತೆಳ್ಳಗಾಗಿಸುವ ಮಾತ್ರೆ ಐದು ದಿನದ ಹಿಂದೆಯೇ ಬಿಡಿಸಿದ್ದಾಯಿತು, ಉಗುರು ತೆಗೆದದ್ದಾಯಿತು, ಬೆರಳಿಗೆ ಕಚ್ಚಿಕೊಂಡಿದ್ದ ಉಂಗುರವನ್ನು ಸೋಪು ಹಚ್ಚಿ ಎಳೆದದ್ದಾಯಿತು. ಇನ್ನೇನೂ ಬಾಕಿಯಿಲ್ಲ ಎಂದು ಆಕೆ ತಿಳಿದಿದ್ದಳು.

"ಗಾದಿಲಿಂಗಮ್ಮ ಇಲ್ಲೇ ಅಣ್ಣನ ಮನ್ಯಾಗ ಅದಾಳಂತ. ಐದು ನಿಮಿಷ ಬಂದೆ," ಅಂದರು ಸಾವುಕಾರರು.

ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತದೆ ಇಪ್ಪತ್ತು ದಿನವಾಗಿತ್ತು. ಗಾದಿಲಿಂಗಮ್ಮ ಹತ್ತು ವರ್ಷದಿಂದ ಅವರ ಅಂಗಡಿಯಲ್ಲಿ ಹತ್ತಿ ಆರಿಸುತ್ತಿದ್ದವಳು. ಅವತ್ತು ಬೆಳಿಗ್ಗೆಯಿಂದ ಸಾವುಕಾರರ ಹೊಸ ಫೋನು ಕಾಣದೆ ಅಂಗಡಿಯೆಲ್ಲ ಹುಡುಕಾಟ. ಆಕೆ ಕಸ ಗುಡಿಸುತ್ತ ಅವರ ಕುರ್ಚಿಯ ಹತ್ತಿರ ಬಗ್ಗಿದಾಗ ಎಲ್ಲೋ ಸಣ್ಣಗೆ 'ಟೀಂ' ಎಂದಿತು. ಸಾವುಕಾರರು ಹಿಂದೆಮುಂದೆ ನೋಡಲಿಲ್ಲ. ಹಮಾಲರು, ತೂಕದವರು, ಮಾಲು ತಂದ ರೈತರು, ಎಲ್ಲರ ಎದುರಿಗೆ ಸೀರೆ ಕೊಡವು ಅಂದರು. ಕೊಡವಿದಳು. ಉಡಿಯಿಂದ ಎಲೆ ಅಡಿಕೆ ಬಿತ್ತು, ಒಂದು ಮಾತ್ರೆಯ ಚೀಟಿ ಬಿತ್ತು. ಫೋನು ಬೀಳಲಿಲ್ಲ. ಆದರೂ ಎಲ್ಲೋ ದಾಟಿಸಿದಾಳ ಎಂದು ಆಕೆಯನ್ನು ಹೊರಗೆ ಹಾಕಿದರು.

ಸಂಜೆಗೆ ಫೋನು ಕಾರಿನ ಸೀಟಿನ ಸಂದಿಯಲ್ಲಿ ಸಿಕ್ಕಿತು. ಟೀಂ ಎಂಬ ಸದ್ದು ಮಾತ್ರ ಮತ್ತೆ ಬಂತು, ಗಂಟೆ ಕಳೆದು ಇನ್ನೊಮ್ಮೆ ಬಂತು. ಅಮೂಲ್ಯ ಅಪ್ಪನ ಹೊಟ್ಟೆಗೆ ಕಿವಿಯಿಟ್ಟು ಕೇಳಿ, ಸದ್ದು ಪಂಪಿನದೇ, ಬ್ಯಾಟರಿ ಸೋತರೆ ಅದು ಹೀಗೆ ಕೂಗುತ್ತದೆಂದು ಡಾಕ್ಟರು ಆವಾಗಲೇ ಹೇಳಿದ್ದರಲ್ಲ ಅಂದಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂಬ ಗಾದೆಯೇ ವಾಸಿ, ಅದರಲ್ಲಿ ಯಾರ ಸೀರೆಯನ್ನೂ ಕೊಡವಿಸಿಲ್ಲ! ಈ ಮಾತು ಇಲ್ಲಿಗೇ ಬಿಡು ಎಂದು ಸಾವುಕಾರರು ಮಗಳಿಗೆ ಹೇಳಿದರು. ಮಗಳೂ ಬಿಟ್ಟಳು.

ಗಾದಿಲಿಂಗಮ್ಮ ಅಣ್ಣನ ಮನೆಯ ಕಟ್ಟೆಯ ಮೇಲೆ ಕೂಲಿಗೆ ಯಾರದೋ ಉಳ್ಳಾಗಡ್ಡಿಯ ಸೊಪ್ಪು ಕೊಯ್ಯುತ್ತ ಕೂತಿದ್ದಳು. ಕೋಲೂರಿಕೊಂಡು ಬರುವ ಸಾವುಕಾರರನ್ನು ಕಂಡು ಎದ್ದು, ಒಳಗಿನಿಂದ ಕುರ್ಚಿ ತಂದು ಹಾಕಿದಳು. ಕಾಲು ಹೇಗಿದೆ ಎಂದು ಕೇಳಿದಳು. ಆ ಮರ್ಯಾದೆಗೇ ಅವರ ಮುಖ ಕೆಳಗಾಯಿತು. ಮನೆಯಿಂದ ಕೂಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು.

"ಆ ಸಪ್ಪಳ ನಿನ್ನ ಹತ್ರ ಬಂದಿದ್ದಲ್ಲವ್ವ. ನನ್ನ ಹೊಟ್ಟ್ಯಾಗಿನ ಮಿಷನ್ನು ಕೂಗಿದ್ದು. ಫೋನೂ ಸಿಕ್ತು. ತಪ್ಪಾತು."

ಗಾದಿಲಿಂಗಮ್ಮ ಕುಡುಗೋಲು ಕೆಳಗಿಟ್ಟಳು. "ಯಾವಾಗ ಗೊತ್ತಾತ್ರಿ?"

ಮೊನ್ನೆ ಎಂದುಬಿಡುವುದು ಸುಲಭವಿತ್ತು, ನಾಲಿಗೆಯ ತುದಿಗೂ ಬಂದಿತ್ತು. ಆದರೆ ಹಿಂದೆ ಮಗಳು ನಿಂತಿದ್ದಳು.

"ಅವತ್ತ ಸಂಜಿಗೆ," ಅಂದರು ಸಾವುಕಾರರು, ನೆಲ ನೋಡುತ್ತ.

ಆಕೆ ಬೈಯಲಿಲ್ಲ, ಅಳಲೂ ಇಲ್ಲ. ನಾಲ್ಕು ಅಂಗಡಿಗೆ ಕೆಲಸ ಕೇಳಿಕೊಂಡು ಹೋಗಿದ್ದನ್ನು, ಎಲ್ಲರೂ 'ದೊಂಗ', ಅಂದರೆ ಕಳ್ಳಿ, ಬಂದಳು ಎಂದು ತೆಲುಗಿನಲ್ಲಿ ಪಿಸುಗುಟ್ಟಿ ತಮ್ಮ ತಮ್ಮ ಜೇಬು ಮುಟ್ಟಿಕೊಂಡದ್ದನ್ನು, ಬಾಡಿಗೆ ಮನೆಯವರು ಮೂರೇ ದಿನದಲ್ಲಿ ಖಾಲಿ ಮಾಡು ಅಂದದ್ದನ್ನು, ಪಕ್ಕದ ಮನೆಯ ಸುದ್ದಿ ಹೇಳಿದ ಹಾಗೆ ಹೇಳಿದಳು. ಕೇಳಲಾರದೆ ಅಮೂಲ್ಯ ಕಾರಿನ ಕಡೆ ನೋಡಿದಳು. ಬಾಯಿ ಬಿಡದವರಲ್ಲಿ ತಾನೂ ಒಬ್ಬಳಲ್ಲವೇ?

ಸಾವುಕಾರರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡರು. "ನಾಳಿದ್ದು ಹೊಟ್ಟಿ ಕೊಯ್ತಾರ. ಏನು ಹೆಚ್ಚು ಕಮ್ಮಿ ಆಗತೈತೋ ಯಾರು ಕಂಡಾರ. ಇದನ್ನ ಮನಸಿನ್ಯಾಗ ಇಟ್ಗಂಡು ಹೋಗಬಾರದು ಅಂತ ಬಂದೆ."

"ಅಂದ್ರ, ಸಾಯ್ತೀನೇನೋ ಅಂತ ಹೇಳಾಕ ಬಂದೀರಿ."

ಸಾವುಕಾರರು ಕೋಲನ್ನು ಹತ್ತಿರಕ್ಕೆ ಎಳೆದುಕೊಂಡರು.

"ಹತ್ತು ಮಂದಿ ಮುಂದ ನನ್ನ ಸೀರಿ ಕೊಡವಿಸಿದ್ರಿ, ಸಾವ್ಕಾರ್ರ. ಈಗ ನನ್ನೊಬ್ಬಾಕಿ ಕಿವ್ಯಾಗ ಹೇಳಿದ್ರ ನಿಮ್ಮ ಎದಿ ಹಗುರಾಗತೈತಿ, ನನ್ನ ಹೆಸರಿಗೆ ಏನ್ ಬಂತು?" ಗಾದಿಲಿಂಗಮ್ಮ ಮತ್ತೆ ಕುಡುಗೋಲು ಎತ್ತಿಕೊಂಡಳು. "ಹೋಗಿ ಆಪರೇಷನ್ ಮಾಡಿಸ್ಗಂಡು ಚೆಂದಾಗಿ ಬರ್ರಿ. ಬದುಕಿ ಬಂದು, ಅದೇ ಅಂಗಡ್ಯಾಗ, ಅದೇ ಮಂದಿ ಮುಂದ ನಿಂತು ಹೇಳ್ರಿ. ಯಾವತ್ತು ಅಂತ ಹೇಳಿ ಕಳಸ್ರಿ, ನಾನೂ ಬರ್ತೀನಿ."

ಬದುಕಿ ಬಂದರೆ ಸಾಕಪ್ಪ ಎಂದು ಬೆಳಿಗ್ಗೆ ದೇವರ ಮುಂದೆ ಕೈಮುಗಿದು ಹೊರಟಿದ್ದ ಕೊಟ್ರಬಸಪ್ಪನವರಿಗೆ, ಕಾರು ಹತ್ತುವಾಗ, ಆಪರೇಷನ್ ಮೇಜಿನ ಮೇಲೆಯೇ ಪ್ರಾಣ ಹೋಗಿಬಿಟ್ಟರೆ ಒಳ್ಳೆಯದಿತ್ತು ಅನ್ನಿಸಿತು. ಹಾಗೆ ಅನ್ನಿಸಿದ್ದು ಮಗಳಿಗೆ ತಿಳಿದೀತು ಎಂದು ಹೈದರಾಬಾದಿನವರೆಗೂ ಅವರು ಕಿಟಕಿಯ ಕಡೆಯಿಂದ ಮುಖ ತಿರುಗಿಸಲಿಲ್ಲ.